ಜೈಲಿನಿಂದ ಬಂದವನಿಗೆ ಪೇಢೆ

ಗೆಳೆಯರೇ, ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ನ್ಯಾಯಾಧೀಶರೂ ನನ್ನನ್ನು ಕೇಳದೆ ತೀರ್ಪು ಬರೆಯುವುದಿಲ್ಲ. ಅಂಥ ನಾನು ಇಂದು ಸಿಂದಗಿ ಕೋರ್ಟಿನ ಮುಂದೆ ಹೂವಿನ ಹಾರ, ಪೇಢೆ ಡಬ್ಬಿ ಹಿಡಿದು ನಿಂತಿದ್ದೆ. ಹೆಂಡತಿ, ಮಗಳಿಗೆ ಜೀವನಾಂಶ ಕೊಡದೆ ಒಂದು ತಿಂಗಳು ಜೈಲಿನಲ್ಲಿದ್ದು ಬಿಡುಗಡೆಯಾದ ನನ್ನ ಅಣ್ಣನ ಮಗ ಬಸು ಇಂದು ವಿಚಾರಣೆಗೆ ಬರುವವನಿದ್ದ. ಹಾರ, ಪೇಢೆ ತರಲು ಅವನೇ ಫೋನ್ ಮಾಡಿ ಹೇಳಿದ್ದ. ಬಾಕಿ ಕಟ್ಟಲು ಒಪ್ಪಿದ್ದಾನೆಂದು ತಿಳಿದು ನಾನೂ ತಂದಿದ್ದೆ. ತೊಗರಿ ಮಾರಿದ ದುಡ್ಡಿನಲ್ಲಿ ಹೊಸ ಬೈಕು ಕೊಂಡ ಮಹಾಶಯ ಇವನು!

ಹಾರ ಹಾಕಿಸಿಕೊಂಡು ಹೆಂಡತಿಯ ಎದುರೇ ಮೀಸೆ ತಿರುವಿದ. "ಕಾಕಾ, ಎಲ್ಲಾರಿಗೂ ಪೇಢೆ ಹಂಚು. ಜೈಲಾಗ ಕುಂತು ಬಂದೇನಿ, ಲೆಕ್ಕ ಚುಕ್ತಾ ಆತು."

ಅವನ ವಕೀಲರೇ ಹಣೆ ಚಚ್ಚಿಕೊಂಡರು. "ತಮ್ಮಾ, ಜೈಲಿಗಿ ಹಾಕಿದ್ದು ನೀ ರೊಕ್ಕ ಕೊಡಲಿ ಅಂತ. ಕುಂತು ಬಂದ್ರ ಬಾಕಿ ಹರಿಯಂಗಿಲ್ಲ."

"ಹಂಗಾರ ನಾ ಸುಮ್ಮ ಸುಮ್ಮನ ಕುಂತು ಬಂದ್ನೇನ್ರಿ?"

ಮಗಳ ಕೈ ಹಿಡಿದು ನಿಂತಿದ್ದ ಅವನ ಹೆಂಡತಿ ನನಗೆ ಹೇಳಿದಳು, "ಮಾವಾರ, ಇಂವ ಜೈಲಾಗ ದಿನಾ ಎರಡ ಹೊತ್ತು ಉಂಡ. ನಾವೇನು ಉಂಡ್ವಿ ಅಂತ ಯಾರೂ ಕೇಳ್ಲಿಲ್ಲ."

 ಪೇಢೆ ಡಬ್ಬಿಯನ್ನು ಹುಡುಗಿಯ ಕೈಗಿಟ್ಟೆ.

"ಕಾಕಾ, ಅದು ನಂದು!"

"ರೊಕ್ಕ ನಂದೋ ಭಾಡ್ಯಾ! ಮೊದಲ ಆ ಬೈಕ್ ಮಾರು!"

ಕೋರ್ಟು, ಜೈಲು, ವಕೀಲರು ಎಲ್ಲ ಸೇರಿ ಆ ಮಗುವಿಗೆ ಇಂದಿನವರೆಗೆ ವಸೂಲಿ ಮಾಡಿಕೊಟ್ಟದ್ದು ಅರ್ಧ ಕಿಲೋ ಪೇಢೆ. ಅದೂ ನನ್ನ ಜೇಬಿನಿಂದ. ಹಾರವೂ ಸೇರಿ ಮುನ್ನೂರ ಇಪ್ಪತ್ತು ರೂಪಾಯಿ.