ಖಾಲಿ ಫ್ಲಾಪಿ, ಆರು ಲಗ್ನಪತ್ರಿಕೆ

ದೆವ್ವ, ಶಕುನ, ಕವಡೆ ಶಾಸ್ತ್ರ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ನಂಬುವ ಗೆಳೆಯರನ್ನು ಕಾಫಿ ಮುಗಿಯುವವರೆಗೂ ಗೋಳು ಹೊಯ್ದುಕೊಳ್ಳುತ್ತಿದ್ದೆ. ಈಗ ನೀವು ನಕ್ಕರೆ ನನ್ನದೇನೂ ತಕರಾರಿಲ್ಲ.

ಇಸವಿ ಎರಡು ಸಾವಿರದ ಆಸುಪಾಸು. ಕಂಪ್ಯೂಟರ್‌ಗೆ ಜನರ ಅಭಿರುಚಿ ಕಲಿಸುವುದು, ಕಲಿತ ಕಂಪ್ಯೂಟರ್ ಎದುರು ಜನ ಹೇಗೆ ನಡೆದುಕೊಳ್ಳುತ್ತಾರೆಂದು ನೋಡುವುದು ನನ್ನ ಸಂಶೋಧನೆ. ಪ್ರಯೋಗಶಾಲೆ ಎಂದರೆ ಸುಲ್ತಾನ್‌ಪೇಟೆಯಲ್ಲಿ ಶಿವಣ್ಣನವರ ಮದುವೆ ಕಾರ್ಡಿನ ಅಂಗಡಿ. ಗಿರಾಕಿ ಮುನ್ನೂರು ಸ್ಯಾಂಪಲ್ ನೋಡಿ, ಮೆಚ್ಚಿದ ಕಾರ್ಡಿನ ನಂಬರನ್ನು ಚೀಟಿಯಲ್ಲಿ ಬರೆದು, ಮಡಿಸಿ ಶಿವಣ್ಣನ ಕೈಗೆ ಕೊಡಬೇಕು. ಆಮೇಲೆ ಕಂಪ್ಯೂಟರ್ ನಾಲ್ಕು ಪ್ರಶ್ನೆ ಕೇಳಿ ಆ ನಂಬರ್ ಊಹಿಸಬೇಕು. ಒಂದು ಊಹೆ ಸರಿಯಾದರೂ ನಾನು ಅಂಗಡಿಗೆಲ್ಲ ಬೋಂಡಾ ತರಿಸುತ್ತಿದ್ದೆ. ಆರು ತಿಂಗಳಲ್ಲಿ ತರಿಸಿದ್ದು ಎರಡೇ ಸಲ.

ಕೊನೆಗೆ ನನ್ನ ಗೈಡ್ ಮೇಡಂ, "ಶನಿವಾರ ನಾನೇ ಬಂದು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ವಿಷಯ ಬದಲಾಯಿಸ್ಬಿಡು," ಎಂದರು. ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ!

ಶನಿವಾರ ಮಧ್ಯಾಹ್ನ ಮೇಡಂ ಬಂದು ಕೂತ ಮೇಲೆ ಮೊದಲು ಬಂದ ಗಿರಾಕಿ ವೈಯಾಲಿಕಾವಲ್‌ನ ಒಬ್ಬ ಅಮ್ಮ, ಮಗನ ಮದುವೆಗೆ. ಚೀಟಿ ಬರೆದು ಕೊಟ್ಟದ್ದಷ್ಟೇ ಅಲ್ಲ, ಒಳ್ಳೆಯ ಗಳಿಗೆ ಮೀರುತ್ತದೆಂದು ಸ್ಯಾಂಪಲ್ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಬ್ಯಾಗಿಗೇ ಸೇರಿಸಿಬಿಟ್ಟರು. ಕಂಪ್ಯೂಟರ್ ೨೧೭ ಎಂದಿತು. ಶಿವಣ್ಣ ಚೀಟಿ ಬಿಚ್ಚಿದರು. ೨೧೭!

"ಏನ್ರೀ ಇದು, ನನ್ ಬ್ಯಾಗೊಳಗೆ ಇಣುಕ್ತಾ?" ಎಂದು ಆ ಅಮ್ಮ ಬ್ಯಾಗನ್ನು ಎದೆಗವಚಿಕೊಂಡರು.

ಆರು ಗಿರಾಕಿಗಳು, ಆರೂ ಸರಿ. ಮೇಡಂ ಬೆನ್ನು ತಟ್ಟಿ ಹೊರಟರು. ನಾನು ಕುಣಿದ ರಭಸಕ್ಕೆ ಯಾರದೋ ಮದುವೆಯ ಇನ್ನೂರು ಕಾರ್ಡು ಮೋರಿ ಸೇರಿದವು.

ಮನೆಗೆ ಬಂದರೆ, ಆರು ತಿಂಗಳ ಕಲಿಕೆಯೆಲ್ಲ ತುಂಬಿದ್ದ ಫ್ಲಾಪಿ ಮೇಜಿನ ಮೇಲೇ ಕೂತಿತ್ತು. ನಾನು ಒಯ್ದದ್ದು ಹೊಚ್ಚ ಹೊಸ ಖಾಲಿ ಫ್ಲಾಪಿ; ಅಂಗಡಿಯ ಕಂಪ್ಯೂಟರಿನಲ್ಲಿದ್ದದ್ದು ಬರೀ ಪ್ರೋಗ್ರಾಮು. ಫ್ಲಾಪಿ ಖಾಲಿ ಎಂದು ಕಂಪ್ಯೂಟರೇ ಹೇಳಬೇಕಿತ್ತು, ನಿಜ. ಆದರೆ ಮೇಡಂ ಎದುರು ಮಾನ ಹೋಗಬಾರದೆಂದು, ತಪ್ಪು ತೋರಿಸುವ ಸೂಚನೆಗಳನ್ನೆಲ್ಲ ಹಿಂದಿನ ದಿನ ನಾನೇ ಅಳಿಸಿಹಾಕಿದ್ದೆ. ಏನೂ ಕಲಿಯದ ಆ ಯಂತ್ರ ಕಣ್ಣುಮುಚ್ಚಿ ಸಿಕ್ಕಿದ ನಂಬರ್ ಹೇಳಬೇಕು, ಅಷ್ಟೇ.

ಸೋಮವಾರ ಸರಿಯಾದ ಫ್ಲಾಪಿ ಹಾಕಿದೆ. ಮದುವೆ ಹೆಣ್ಣಿನ ಅಪ್ಪನಿಗೆ ವೈಕುಂಠ ಸಮಾರಾಧನೆಯ ಕಾರ್ಡು ತೋರಿಸಿತು.

"ಶನಿವಾರ ಚೆನ್ನಾಗೇ ಇತ್ತಲ್ಲೋ," ಶಿವಣ್ಣ ಹಣೆ ಚಚ್ಚಿಕೊಂಡರು. "ನೀನು ಕಲ್ಸಿದ್ಮೇಲೇ ಕೆಟ್ಟೋಗಿರೋದು!"

ಮತ್ತೆ ಖಾಲಿ ಫ್ಲಾಪಿ ಹಾಕಿದೆ. ವಾರವಿಡೀ ಒಂದೂ ಸರಿಹೋಗಲಿಲ್ಲ.

ಬಾಯಿಮುಚ್ಚಿಕೊಂಡಿದ್ದರೆ ಪದವಿ ಕೈಗೆ ಬರುತ್ತಿತ್ತು. ತಡೆಯಲಾರದೆ ಮೇಡಂ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದಿಟ್ಟು, "ಏನೂ ಕಲೀದಿರೋ ಮಷೀನು ಆರಕ್ಕಾರು ಹೇಳ್ತು. ಎರಡು ವರ್ಷ ಕಲ್ತಿರೋನು ಫ್ಲಾಪಿ ಮರೆತ. ವಿಷಯ ಬದಲಾಯಿಸ್ಬೇಡ. ಹೋಗು, ಯಾಕೆ ಹಿಂಗಾಯ್ತು ಅಂತ ಕಂಡ್ಹಿಡಿ," ಎಂದರು.

ಕಂಡುಹಿಡಿಯಲಾಗಲಿಲ್ಲ. ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದೆ. ಆರೂ ಗಿರಾಕಿಗಳ ಮನೆಗೆ ಹೋಗಿ ವಿಚಾರಿಸಿದೆ. ಮೂರು ಮದುವೆ ಊಟವಾಯಿತು, ಉತ್ತರ ಸಿಗಲಿಲ್ಲ. ಪ್ರಬಂಧದಲ್ಲಿ ಆ ಶನಿವಾರದ ವಿವರ ಬರೆದು, ಕೆಳಗೆ "ಕಾರಣ ತಿಳಿಯಲಿಲ್ಲ" ಎಂದು ಸೇರಿಸಿದೆ. ಪರೀಕ್ಷಕರು ಪುಟಪುಟಕ್ಕೂ ಕೆಂಪು ಗೀಚಿ, ಹಾಗೂ ಹೀಗೂ ಪದವಿ ಕೊಟ್ಟರು. ಇಡೀ ಪ್ರಬಂಧದಲ್ಲಿ ಯಾರೂ ತಪ್ಪು ಹುಡುಕದ ವಾಕ್ಯ ಅದೊಂದೇ.