ಧೋತರದ ಮೇಲಿನ ಹೆಸರುಗಳು

ನನಗೆ ಇನ್ನೊಬ್ಬರ ಉಸಾಬರಿ ಜಾಸ್ತಿ ಎಂದು ನನ್ನ ಗಂಡ ಹೇಳುತ್ತಾನೆ. ಇರಬಹುದು. ಆದರೆ ಅಮೆರಿಕದ ಕೆಂಡಲ್ ಪಾರ್ಕಿನ ನಮ್ಮ ಬೀದಿಯಲ್ಲಿ, ಮೂರು ಮನೆ ಆಚೆ, ಗದಗಿನ ಕಡೆಯ ಎಪ್ಪತ್ತೆಂಟು ವರ್ಷದ ಹೆಂಗಸೊಬ್ಬರು ಪ್ರತಿ ತಿಂಗಳ ಮೊದಲ ಶುಕ್ರವಾರ ಮಧ್ಯಾಹ್ನ ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹಾಕಿಕೊಂಡು, ಕಂಕುಳಲ್ಲಿ ಬಟ್ಟೆಯ ಸುರುಳಿಯೊಂದನ್ನು ಇಟ್ಟುಕೊಂಡು ಹೊರಟರೆ, ಎಲ್ಲಿಗೆ ಎಂದು ಕೇಳದೆ ಯಾರಿಂದ ಇರಲು ಸಾಧ್ಯ? ಶುಕ್ರವಾರ ನನಗೆ ವರ್ಕ್ ಫ್ರಮ್ ಹೋಮ್. ನನ್ನ ಮೇಜಿನ ಕಿಟಕಿ ಬೀದಿಯ ಕಡೆಗೇ ಇದೆ.

ಅವರ ಹೆಸರು ವೀರಬಸಮ್ಮ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಜನರ ರಕ್ತ ಪರೀಕ್ಷೆ ಮಾಡಿ ನಿವೃತ್ತರಾದವರು. ಗಂಡ ಶಿವಶಂಕರಪ್ಪ ಸೇತುವೆ ಕಟ್ಟಿಸುವ ಎಂಜಿನಿಯರ್ ಆಗಿದ್ದವರು. ಹೆಂಡತಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ತಾವು ಕೆಳಗಿಳಿಯದೆ ಹೀಟರ್ ಹಾಕಿಕೊಂಡು ಒಂದು ಗಂಟೆ ಕೂತು, ಮತ್ತೆ ಮನೆಗೆ ಕರೆತರುವುದು ಅವರ ಪದ್ಧತಿ. ಕಳೆದ ವರ್ಷ ಅವರಿಗೆ ಕಣ್ಣಿನ ಆಪರೇಶನ್ ಆಯಿತು. ಡ್ರೈವ್ ಮಾಡಲು ನಾನು ಮುಂದೆ ಬಂದೆ. ಅವರು ಹಿಂದಿನ ಸೀಟಿನಲ್ಲಿ ಕೂತು ಬರುವುದನ್ನು ಮಾತ್ರ ಬಿಡಲಿಲ್ಲ. ಪರೋಪಕಾರ ಎಂದು ಬೀದಿಯವರೆಲ್ಲ ಹೊಗಳಿದರು, ನಾನು ಅಲ್ಲವೆನ್ನಲಿಲ್ಲ.

ವೀರಬಸಮ್ಮ ಹೋಗುತ್ತಿದ್ದದ್ದು ನ್ಯೂ ಬ್ರನ್ಸ್‌ವಿಕ್‌ನ ಒಂದು ಪೋಸ್ಟ್ ಆಫೀಸಿನ ಮೂಲೆಗೆ. ಅಲ್ಲಿ ಏಳೆಂಟು ಜನ ಮುದುಕ ಮುದುಕಿಯರು ಬೋರ್ಡು ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಮಧ್ಯ ಅಮೆರಿಕದ ಪುಟ್ಟ ದೇಶಗಳ ಜಗಳಕ್ಕೆ ಈ ದೇಶ ಬಂದೂಕು ಕಳಿಸಬಾರದು, ಸೈನ್ಯ ಕಳಿಸಬಾರದು ಎಂಬುದು ಅವರ ಹಟ. ನಲವತ್ತು ವರ್ಷದಿಂದ ನಿಂತಿದ್ದಾರೆ. ಬೋರ್ಡಿನ ಮೇಲೆ ದೇಶದ ಹೆಸರು ಆಗಾಗ ಬದಲಾಗಿದೆ, ಹಟ ಬದಲಾಗಿಲ್ಲ. ಹಾದುಹೋಗುವ ಕಾರುಗಳಲ್ಲಿ ಕೆಲವರು ಹಾರ್ನ್ ಹೊಡೆದು ಕೈ ಬೀಸುತ್ತಾರೆ, ಕೆಲವರು ಬೇರೆ ರೀತಿಯಲ್ಲಿ ಕೈ ತೋರಿಸುತ್ತಾರೆ. ವೀರಬಸಮ್ಮ ಇಬ್ಬರಿಗೂ ನಗುತ್ತಾರೆ.

"ಆಂಟಿ, ನಿಮಗೂ ಇದಕ್ಕೂ ಏನು ಸಂಬಂಧ?" ಎಂದು ಮೊದಲ ದಿನವೇ ಕೇಳಿದೆ.

"ಏನಿಲ್ಲವಾ ಮಹಿಮಾ. ಎಂಬತ್ತೈದರಾಗ ಲಂಚ್ ಟೈಮಿಗೆ ಸ್ಟ್ಯಾಂಪ್ ತರಾಕ ಹೋಗಿದ್ದೆ. ಇವರೆಲ್ಲಾ ಯಾಕ ನಿಂತಾರ ಅಂತ ಒಬ್ಬಾಕಿನ್ನ ಕೇಳಿದೆ. ಆಕಿಗೆ ನೆಗಡಿ. ‘ಒಂದ್ ನಿಮಿಷ ಹಿಡಕೋರಿ’ ಅಂತ ಬೋರ್ಡ್ ನನ್ನ ಕೈಯಾಗ ಕೊಟ್ಟು ಮೂಗು ಒರಸಿಕೊಂಡ್ಲು. ತಿರುಗಿ ಇಸಕೊಳ್ಳಲೇ ಇಲ್ಲ."

ಅಂದರೆ ಅವರಿಗೂ ನನ್ನದೇ ಕಾಯಿಲೆ. ಮುಂದಿನ ತಿಂಗಳ ಶುಕ್ರವಾರ ಉಳಿದದ್ದನ್ನು ಕೇಳಲು ಹೋದರು. ಎಲ್ ಸಾಲ್ವಡೋರ್ ಎಂಬ ದೇಶ ನಕ್ಷೆಯಲ್ಲಿ ಎಲ್ಲಿದೆ, ಅಲ್ಲಿನ ಸೈನಿಕರು ಹಳ್ಳಿಗಳಲ್ಲಿ ಮಾಡುವುದೇನು, ಅವರಿಗೆ ಇಲ್ಲಿಂದ ಹೋಗುವ ನೆರವು ಯಾವುದು ಎಂದು ಒಂದೊಂದಾಗಿ ಕೇಳಿದರು. ಕೇಳಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. "ಗ್ರೀನ್ ಕಾರ್ಡ್ ಬಂದು ಆರು ತಿಂಗಳಾಗಿಲ್ಲ, ಆಗಲೇ ಬೀದ್ಯಾಗ ನಿಂದ್ರಾಕ ಹತ್ತೀ" ಎಂದು ಶಿವಶಂಕರಪ್ಪ ಕೂಗಾಡಿದರಂತೆ. ಕೂಗಾಡುತ್ತಲೇ ಕಾರಿನ ಕೀಲಿ ತೆಗೆದುಕೊಂಡರಂತೆ.

ಇನ್ನು ಆ ಬಟ್ಟೆಯ ಸುರುಳಿಯ ವಿಷಯ. ಎಂಬತ್ತಾರರಲ್ಲಿ ಗುಂಪಿನವರಿಗೆ ಒಂದು ಚರ್ಚಿನಿಂದ ಟೈಪ್ ಮಾಡಿದ ಪಟ್ಟಿ ಬಂತು. ಎಲ್ ಸಾಲ್ವಡೋರಿನ ಒಂದೇ ಹಳ್ಳಿಯಲ್ಲಿ ಒಂದೇ ದಿನ ಸೈನಿಕರ ಕೈಯಲ್ಲಿ ಸತ್ತ ನಲವತ್ತಮೂರು ಜನರ ಹೆಸರು. ಪ್ರತಿ ಡಿಸೆಂಬರಿನಲ್ಲಿ ಒಬ್ಬರು ಆ ಹೆಸರುಗಳನ್ನು ಓದುತ್ತಾರೆ. ಒಂದೊಂದು ಹೆಸರಿಗೂ ನಿಂತವರೆಲ್ಲ ‘ಪ್ರೆಸೆಂತೆ’ ಎನ್ನುತ್ತಾರೆ. ಅಲ್ಲಿನ ಭಾಷೆಯಲ್ಲಿ, ಇದ್ದೇನೆ ಎಂದು ಅರ್ಥ. "ನಮ್ಮ ಸಾಲ್ಯಾಗ ಹಾಜರಿ ಕರೀತಿದ್ರಲ್ಲ, ಹಂಗ. ಸತ್ತವರ ಪರವಾಗಿ ನಾವು ಹಾಜರ್ ಅನ್ನೋದು" ಎಂದು ವೀರಬಸಮ್ಮ ವಿವರಿಸಿದರು.

ಮೊದಲ ವರ್ಷ ಕಾಗದದ ಬ್ಯಾನರ್ ಮಳೆಗೆ ಕರಗಿಹೋಯಿತು. ಬಟ್ಟೆಯ ಮೇಲೆ ಕಸೂತಿ ಹಾಕಿಕೊಡುತ್ತೇನೆ ಎಂದು ಇವರು ಪಟ್ಟಿಯನ್ನು ಮನೆಗೆ ತಂದರು. ಕಸೂತಿಗೆ ಎಳೆ ಎಣಿಸಲು ಬರುವಂಥ ಬಟ್ಟೆಯೇ ಆಗಬೇಕು. ಇಲ್ಲಿನ ಅಂಗಡಿಯ ಯಾವ ಬಟ್ಟೆಯೂ ಮನಸ್ಸಿಗೆ ಬರಲಿಲ್ಲ. ಟ್ರಂಕಿನಲ್ಲಿ, ಮದುವೆಯಲ್ಲಿ ಅಪ್ಪ ಅಳಿಯನಿಗೆ ಕೊಟ್ಟಿದ್ದ ಕೈಮಗ್ಗದ ಧೋತರದ ಜೋಡಿ ಉಡದೆ ಹಾಗೇ ಇತ್ತು. ಜೋಡಿಯಲ್ಲಿ ಒಂದನ್ನು ಎತ್ತಿಕೊಂಡರು. ಶಿವಶಂಕರಪ್ಪನವರಿಗೆ ಸಂಗತಿ ತಿಳಿದದ್ದು ಕಾರಿನ ಗಾಜಿನ ಆಚೆ, ಪೋಸ್ಟ್ ಆಫೀಸಿನ ಮುಂದೆ, ತಮ್ಮ ಧೋತರದ ಜರಿ ಅಂಚು ಕಂಡಾಗ. ಕನ್ನಡ ಕೂಟದ ಪ್ರತಿ ಯುಗಾದಿ ಊಟದಲ್ಲೂ ಅವರು ಈ ಕತೆ ಹೇಳುತ್ತಾರೆ. "ನಾ ಒಂದ್ ದಿನಾನೂ ಉಡಲಿಲ್ಲರೀ, ನ್ಯೂ ಬ್ರನ್ಸ್‌ವಿಕ್ ಉಟ್ಟೈತಿ" ಎಂದು ಮುಗಿಸುತ್ತಾರೆ. ಉಳಿದ ಇನ್ನೊಂದನ್ನು ಮುಟ್ಟಿದರೆ ನೋಡು ಎಂದು ಟ್ರಂಕಿಗೆ ಬೀಗ ಹಾಕಿದ್ದೂ ಕತೆಯ ಭಾಗ.

ಆ ಕಸೂತಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೆಂಪು ದಾರದ ಇಂಗ್ಲಿಷ್ ಅಕ್ಷರ, ಎಲ್ಲೂ ಒಂದು ಗಂಟಿಲ್ಲ. ಹಿಂದಿನಿಂದ ನೋಡಿದರೂ ದಾರ ಅಷ್ಟೇ ಅಚ್ಚುಕಟ್ಟು. ವೀರಬಸಮ್ಮನಿಗೆ ಅದರ ಬಗ್ಗೆ ಹೆಮ್ಮೆಯಿತ್ತು, ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು ಆ ಮೂಲೆಗೆ ಬಂದಳು. ಹೆಸರು ದೆಲ್ಮಿ, ಪ್ಲೇನ್‌ಫೀಲ್ಡಿನಲ್ಲಿ ಬೇಕರಿಯ ಕೆಲಸ. ಫೋನಿನಲ್ಲಿ ಯಾರೋ ಬ್ಯಾನರಿನ ಫೋಟೊ ಕಳಿಸಿದ್ದರಂತೆ. ಅದು ಅವಳ ಹಳ್ಳಿ. ಅವಳ ಆರನೆಯ ವಯಸ್ಸಿನಲ್ಲಿ ಅಲ್ಲಿ ತಾಯಿ ಸತ್ತಿದ್ದಳು. ಬಟ್ಟೆಗೆ ಬೆರಳು ತಾಗಿಸದೆ ಒಂದೊಂದೇ ಹೆಸರು ಓದುತ್ತ ಬಂದವಳು ‘ಮಾರಿಯಾ ಎಲೆನಾ ರಿವಾಸ್’ ಎಂಬಲ್ಲಿ ನಿಂತಳು. ಮುಂದೆ ಕೊನೆಯವರೆಗೂ ಓದಿದಳು. ವಾಪಸು ಬಂದು ಅದೇ ಹೆಸರಿನ ಮುಂದೆ ನಿಂತಳು.

"ಇದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಆ ಹೆಸರಿನವರು ಇಬ್ಬರಿದ್ದರು. ಒಬ್ಬಳು ನನ್ನ ಅಮ್ಮ. ಇನ್ನೊಬ್ಬಳು ಅವಳ ದೊಡ್ಡಪ್ಪನ ಮಗಳು. ಇಬ್ಬರೂ ಆ ದಿನವೇ ಹೋದರು. ನೀವು ಇಷ್ಟು ವರ್ಷ ಕರೆದದ್ದು ಯಾರನ್ನು?"

ವೀರಬಸಮ್ಮ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ದೆಲ್ಮಿಯನ್ನು ಮನೆಗೆ ಕರೆದರು. ನಾನೂ ಹೋದೆ, ಕರೆಯದಿದ್ದರೂ ಹೋಗುತ್ತಿದ್ದೆ. ಹಳೆಯ ಫೈಲಿನಿಂದ ಆ ಟೈಪ್ ಮಾಡಿದ ಪಟ್ಟಿ ಹೊರಬಂತು. ಹದಿನೇಳನೆಯ ಸಾಲಿನಲ್ಲಿ ಮಾರಿಯಾ ಎಲೆನಾ ರಿವಾಸ್ ಆಯಾಲಾ. ಮೂವತ್ತೊಂದರಲ್ಲಿ ಮಾರಿಯಾ ಎಲೆನಾ ರಿವಾಸ್ ಪೋರ್ತಿಯೋ. ಮೂವತ್ತೊಂದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಏನೋ ಬರೆದಿತ್ತು.

"ಏನು ಬರೆದಿದೆ?" ಎಂದು ದೆಲ್ಮಿ ಕೇಳಿದಳು.

ನನಗೆ ಓದಲು ಬರುತ್ತಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ವಿಷಯ ನನಗೆ ಬೇಡವಾಗಿತ್ತು.

ವೀರಬಸಮ್ಮನೇ ಓದಿ ಇಂಗ್ಲಿಷಿನಲ್ಲಿ ಹೇಳಿದರು. "ಎರಡು ಸಲ ಬಂದದ, ಟೈಪ್ ಮಾಡಿದವರ ತಪ್ಪು."

ಆಮೇಲೆ ಕಾರಣವನ್ನೂ ಹೇಳಿದರು. ತಮ್ಮ ಗದಗಿನ ಕಡೆ ಮೊದಲು ಸ್ವಂತ ಹೆಸರು, ನಂತರ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಅಡ್ಡಹೆಸರೆಂದರೆ ಹೆಚ್ಚಾಗಿ ಹಿರಿಯರ ಊರು. ಧೋತರ ಸಾಲದು ಎಂದು ಎಲ್ಲರ ಕೊನೆಯ ಹೆಸರನ್ನೂ ಬಿಟ್ಟಿದ್ದರು. ಊರಿನ ಹೆಸರು ತಾನೇ ಎಂದುಕೊಂಡಿದ್ದರು. ರಿವಾಸ್ ಎಂಬ ಒಬ್ಬ ಅಪ್ಪನಿಗೆ ಇಬ್ಬರು ಮಾರಿಯಾ ಎಲೆನಾ ಹೇಗಿರುತ್ತಾರೆ ಎಂದು ಎರಡನೆಯದನ್ನು ಹೊಡೆದುಹಾಕಿದ್ದರು. ಯಾರನ್ನೂ ಕೇಳಿರಲಿಲ್ಲ. ಎಲ್ಲವನ್ನೂ ಕೇಳಿ ತಿಳಿಯುವ ಹೆಂಗಸು, ಅದೊಂದನ್ನು ಕೇಳಿರಲಿಲ್ಲ.

"ರಿವಾಸ್ ಅಪ್ಪನ ಹೆಸರಲ್ಲ, ಅವನ ಮನೆತನದ್ದು. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅದೇ" ಎಂದಳು ದೆಲ್ಮಿ. "ಅವರಿಬ್ಬರ ಅಜ್ಜಿ ಮಾರಿಯಾ ಎಲೆನಾ. ಇಬ್ಬರು ಗಂಡುಮಕ್ಕಳೂ ತಮ್ಮ ಮಗಳಿಗೆ ಅವಳ ಹೆಸರಿಟ್ಟರು. ಕೊನೆಯಲ್ಲಿ ಬರುವುದು ಊರಲ್ಲ. ಅದು ತಾಯಿಯ ಕಡೆಯ ಹೆಸರು. ನನ್ನ ಅಮ್ಮನದು ಪೋರ್ತಿಯೋ."

ವೀರಬಸಮ್ಮ ಪಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನಮ್ಮ ಮನ್ಯಾಗ ಮೂರು ಮಂದಿ ವೀರಬಸಮ್ಮ ಇದ್ವಿ ಮಹಿಮಾ. ಅಜ್ಜಿ ಹೆಸರು, ಅಪ್ಪನೂ ಇಬ್ರು ಕಾಕಾಗೋಳೂ ಇಟ್ಟಿದ್ರು. ಸಾಲ್ಯಾಗ ಮಾಸ್ತರ್ ಒಂದ್ ಸಲ ಕರದು ಬಿಟ್ರ, ಉಳದ ಇಬ್ರು ಅಳತಿದ್ವಿ. ನನಗ ತಿಳೀಬೇಕಿತ್ತು. ಬ್ಯಾರೇ ಯಾರಿಗೂ ಅಲ್ಲ, ನನಗ ತಿಳೀಬೇಕಿತ್ತು." ಅವರು ಅತ್ತರು. ನನಗೂ ಅಳು ಬಂತು, ಜೊತೆಗೆ ಅವರ ಮೇಲೆ ಸಿಟ್ಟೂ ಬಂತು. ಒಂದು ಫೋನ್ ಮಾಡಿ ಕೇಳಿದ್ದರೆ ಏನಾಗುತ್ತಿತ್ತು?

ದೆಲ್ಮಿ ಪರವಾಗಿಲ್ಲ ಎನ್ನಲಿಲ್ಲ. ಅವಳು ಹಾಗೆ ಹೇಳದೆ ಇದ್ದದ್ದು ನನಗೆ ಇಷ್ಟವಾಯಿತು. "ಡಿಸೆಂಬರಿನಲ್ಲಿ ನಾನು ಬರುತ್ತೇನೆ. ಅಮ್ಮನನ್ನು ಪೂರ್ತಿ ಹೆಸರಿನಿಂದ ಕರೆಯಿರಿ" ಎಂದಷ್ಟೇ ಹೇಳಿ ಎದ್ದಳು.

ಹಳೆಯ ಧೋತರದಲ್ಲಿ ಒಂದು ಅಕ್ಷರಕ್ಕೂ ಜಾಗವಿರಲಿಲ್ಲ. ನಡುವೆ ತೂರಿಸೋಣ ಎಂದರೆ ಕಸೂತಿಯ ಎಳೆ ಲೆಕ್ಕ ಒಪ್ಪುವುದಿಲ್ಲ. ನಾನು ಆನ್‌ಲೈನಿನಲ್ಲಿ ಬಟ್ಟೆ ಹುಡುಕುತ್ತ ಕೂತಿದ್ದಾಗ ಒಳಗಿನ ಕೋಣೆಯಲ್ಲಿ ಬೀಗ ತೆಗೆದ ಸದ್ದಾಯಿತು. ಶಿವಶಂಕರಪ್ಪ ಬಂದು ಜೋಡಿಯ ಇನ್ನೊಂದು ಧೋತರವನ್ನು ಹೆಂಡತಿಯ ಮುಂದಿಟ್ಟರು. ಮದುವೆಯಾದಾಗಿನಿಂದ ಮಡಿಸಿಟ್ಟ ಗೆರೆಗಳು ಹಳದಿಯಾಗಿದ್ದವು.

"ಹೋದ್ ಸಲ ಕೇಳದ ಒಯ್ದಿದ್ದಿ" ಎಂದರು. "ಈ ಸಲ ನಾನ ಕೊಡಾಕ ಹತ್ತೀನಿ. ಬೇಕಾದ್ರ ಅಕ್ಷರ ಸಣ್ಣ ಮಾಡು, ಎಲ್ಲಾರ್ದೂ ಪೂರ್ತಿ ಹಾಕು. ಅವ್ವಗೋಳ ಹೆಸರು ಬಿಡಬ್ಯಾಡ."

ವೀರಬಸಮ್ಮನ ಕೈ ಈಗ ನಡುಗುತ್ತದೆ. ವಾರಕ್ಕೆ ಎರಡು ಅಕ್ಷರವಾದರೆ ದೊಡ್ಡದು. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕುತ್ತಾರೆ. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದಾಯಿತು. ಡಿಸೆಂಬರಿನ ಶುಕ್ರವಾರ ಬಂದಾಗ ಅಷ್ಟು ದೊಡ್ಡ ಬಿಳಿ ಧೋತರದ ಮೇಲೆ ಇದ್ದದ್ದು ಒಂದೇ ಹೆಸರು, ದೆಲ್ಮಿಯ ಅಮ್ಮನದು.

ಅಂದು ಗಾಳಿ ಜೋರಾಗಿತ್ತು. ಹಳೆಯ ಬ್ಯಾನರನ್ನು ನಾನೂ ಇನ್ನೊಬ್ಬರೂ ಹಿಡಿದಿದ್ದೆವು. ಹೊಸದನ್ನು ಬಿಡಿಸಿದರೆ ಒಂದು ತುದಿಗೆ ಕೈ ಕಡಿಮೆ ಬಿತ್ತು. ವೀರಬಸಮ್ಮ ಆ ತುದಿಯನ್ನು ಎಳೆದುಕೊಂಡು ಹೋಗಿ ನಮ್ಮ ಕಾರಿನ ಹಿಂದಿನ ಗಾಜು ತಟ್ಟಿದರು. ಗಾಜು ಇಳಿಯಿತು.

"ಒಂದ್ ನಿಮಿಷ ಹಿಡಕೋರಿ" ಎಂದರು.

ನಲವತ್ತು ವರ್ಷದಲ್ಲಿ ಮೊದಲ ಸಲ ಶಿವಶಂಕರಪ್ಪ ಕಾರಿನಿಂದ ಇಳಿದರು. ಮಫ್ಲರ್ ಕೂಡ ಸುತ್ತಿಕೊಳ್ಳದೆ ಬಂದು ತಮ್ಮ ಧೋತರದ ಅಂಚು ಹಿಡಿದು ನಿಂತರು.

ವೀರಬಸಮ್ಮ ಹಳೆಯ ಪಟ್ಟಿಯನ್ನೇ ಹಿಡಿದು, ಯಾರ ತಾಯಿಯ ಹೆಸರನ್ನೂ ಬಿಡದೆ ಓದಿದರು. ಹದಿನೇಳನೆಯ ಹೆಸರಿಗೆ ಎಲ್ಲರೊಡನೆ ದೆಲ್ಮಿಯೂ ಪ್ರೆಸೆಂತೆ ಎಂದಳು. ಮೂವತ್ತೊಂದು ಬಂದಾಗ ವೀರಬಸಮ್ಮ ಕನ್ನಡಕ ಸರಿಮಾಡಿಕೊಂಡು, ಸಾಲೆಯ ಮಾಸ್ತರರಂತೆ ಬಿಡಿಸಿ ಬಿಡಿಸಿ ಕರೆದರು.

"ಮಾರಿಯಾ ಎಲೆನಾ ರಿವಾಸ್ ಪೋರ್ತಿಯೋ."

ನಾವೆಲ್ಲ ಉತ್ತರ ಕೊಟ್ಟೆವು. ದೆಲ್ಮಿ ಕೊಡಲಿಲ್ಲ. ಅವಳು ಆರು ವರ್ಷದ ಮಗುವಿನ ಹಾಗೆ ತಟ್ಟನೆ ತಿರುಗಿ, ಅಮ್ಮ ಎಲ್ಲಿಂದ ಬರುತ್ತಾಳೆ ಎಂದು ರಸ್ತೆಯ ಎರಡೂ ಕಡೆ ನೋಡಿದಳು.