ಮರುಭೂಮಿಯಲ್ಲಿ ಕಾಗೆಗಿಟ್ಟ ತುತ್ತು

ಸಿಡ್ನಿಯ ಸೆಂಟ್ರಲ್ ಸ್ಟೇಷನ್‌ನಿಂದ ಮೆಲ್ಬರ್ನ್ ರೈಲು ಬೆಳಿಗ್ಗೆ ಹೊರಟಿತು. ಅದನ್ನು ಹಿಡಿಯಲು ಸ್ಕೋಫೀಲ್ಡ್ಸ್ ಬಡಾವಣೆಯ ಮನೆಯಲ್ಲಿ ನಾನು ಕತ್ತಲಿರುವಾಗಲೇ ಎದ್ದಿದ್ದೆ. ಬಾಗಿಲಿಗೆ ಬೀಗ ಹಾಕುತ್ತಾ ಎಂದಿನಂತೆ, "ಗ್ಯಾಸ್ ಬಂದ್ ಮಾಡಿದ್ರೇನು?" ಎಂದು ಕೇಳಿದೆ. ಉತ್ತರ ಕೊಡುವವರು ಯಾರಿದ್ದರು? ಮತ್ತೆ ಒಳಗೆ ಹೋಗಿ ನಾನೇ ನೋಡಿ ಬಂದೆ.

ವಿಮಾನದಲ್ಲಿ ಹೋಗಿದ್ದರೆ ಒಂದೂವರೆ ತಾಸು, ರೈಲಿನಲ್ಲಿ ಇಡೀ ದಿನ. ಟಿಕೆಟ್ಟಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯವೂ ಇಲ್ಲ. ಆದರೂ ರೈಲನ್ನೇ ಬುಕ್ ಮಾಡಿದ್ದೆ, ಏಕೆಂದರೆ ಇವರು ಪ್ರತಿ ವರ್ಷ ಹೋಗುತ್ತಿದ್ದುದು ಅದರಲ್ಲೇ.

ಇವರು ಎಂದರೆ ನನ್ನ ಗಂಡ. ವರ್ಷವಿಡೀ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಸಿಕ್ಕ ರಜೆಯಲ್ಲಿ ಒಂದು ವಾರವನ್ನು ವಿಕ್ಟೋರಿಯಾದ ವಾಯವ್ಯ ಮೂಲೆಯ ಮರುಭೂಮಿಗೆ ಧಾರೆ ಎರೆಯುತ್ತಿದ್ದ ಮಹಾನುಭಾವರು. ಅಲ್ಲಿ ಮ್ಯಾಲಿಫೌಲ್ ಎಂಬ ಹಕ್ಕಿಯನ್ನು ಉಳಿಸಲು ದುಡಿಯುವ ಸ್ವಯಂಸೇವಕರ ತಂಡವೊಂದಿದೆ. "ಮನಿ ಹಿತ್ತಲದಾಗ ಹುಲ್ಲು ಮೊಣಕಾಲ ಮಟ ಬೆಳದದ, ನೀವು ಅಡವ್ಯಾಗಿನ ಹಕ್ಕಿ ಕಾಯಲಿಕ್ಕೆ ಹೊಂಟ್ರಿ!" ಎಂದು ನಾನು ರೇಗಿಸುತ್ತಿದ್ದೆ. "ಒಮ್ಮೆ ಬಾ, ನೋಡು, ಆಮ್ಯಾಲೆ ಬೈ" ಎನ್ನುತ್ತಿದ್ದರು. ಟೆಂಟು, ಮಣ್ಣು, ಹಾವು ಇವೆಲ್ಲ ನನ್ನ ಜಾಯಮಾನಕ್ಕೆ ಒಗ್ಗುವಂಥವಲ್ಲ.

ಇವರು ತೀರಿಕೊಂಡ ಮೇಲೆ ಪ್ರತಿ ತಿಥಿಗೂ ಹಿತ್ತಲಿನಲ್ಲಿ ಕಾಗೆಗೆ ಅನ್ನವಿಟ್ಟೆ. ನಮಗೆ ಮಕ್ಕಳಿಲ್ಲ, ಇಡುವವಳು ನಾನೊಬ್ಬಳೇ. ಕಾಗೆ ಬೇಲಿಯ ಮೇಲೆ ಕೂತು ನೋಡುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮೈನಾಗಳು ಬಂದು ಎಲೆ ಖಾಲಿ ಮಾಡುತ್ತಿದ್ದವು. ಮೈನಾ ತಿಂದರೆ ಲೆಕ್ಕಕ್ಕೆ ಬರುತ್ತದೆಯೇ? "ಮಾರ್ಟ್‌ಗೇಜ್ ಕಟ್ತೀನ್ರಿ, ಬಿಪಿ ಗುಳಗಿ ತಪ್ಪಸೂದಿಲ್ರಿ" ಎಂದು ಕೈಮುಗಿದು ಮಾತು ಕೊಟ್ಟೆ. ಕಾಗೆ ಜಪ್ಪಯ್ಯ ಎನ್ನಲಿಲ್ಲ. ಧಾರವಾಡದಿಂದ ಅಕ್ಕ ಫೋನಿನಲ್ಲಿ, "ಕಾಗಿ ಮುಟ್ಟಲಿಲ್ಲಂದ್ರ ಏನರ ಆಶಾ ಉಳದಿರಬೇಕು ನೋಡವಾ" ಎಂದಳು. ಎಷ್ಟು ಯೋಚಿಸಿದರೂ ನನಗೆ ಹೊಳೆದದ್ದು ಆ ಮರುಭೂಮಿಯೊಂದೇ. ಈ ಸಲದ ತಿಥಿ ತಂಡ ಹೊರಡುವ ವಾರದಲ್ಲೇ ಬಿದ್ದಿತ್ತು. ನನ್ನ ಹೆಸರು ಕೊಟ್ಟೆ.

ರೈಲು ಗೋಲ್ಬರ್ನ್, ವಾಗಾ, ಆಲ್ಬರಿ ಎನ್ನುತ್ತಾ ಸಾಗಿತು. ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು. ಚಪಾತಿ, ಶೇಂಗಾ ಚಟ್ನಿ ಬಿಚ್ಚಿದಾಗ ಅಭ್ಯಾಸದಂತೆ ಇಬ್ಬರಿಗಾಗುವಷ್ಟು ಕಟ್ಟಿಕೊಂಡಿದ್ದೇನೆ ಎಂದು ತಿಳಿಯಿತು.

ರಾತ್ರಿಗೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಅಕ್ಕನ ಮಗಳು ರಶ್ಮಿಯ ಮನೆ. ಅವಳು ಬೆಳೆದದ್ದು ಬೆಂಗಳೂರಿನಲ್ಲಿ. "ಮೌಶಿ, ಆ ಡೆಸರ್ಟ್‌ನಲ್ಲಿ ಟಾಯ್ಲೆಟ್ ಆದ್ರೂ ಇರತ್ತಾ? ಸುಮ್ನೆ ಇಲ್ಲೇ ಇದ್ಬಿಡಿ. ಕಾಗೆಗೆ ನಮ್ಮ ಬ್ಯಾಕ್‌ಯಾರ್ಡ್‌ನಲ್ಲೇ ಇಡೋಣ" ಎಂದಳು. "ಬ್ಯಾಕ್‌ಯಾರ್ಡ್ ಕಾಗಿ ಸಹವಾಸ ಸಾಕಾಗೇದವಾ" ಎಂದೆ. ಹತ್ತಿರದ ಇಂಡಿಯನ್ ಶಾಪ್‌ನಿಂದ ಫ್ರೋಜನ್ ಬಾಳೆ ಎಲೆ, ಕರಿಎಳ್ಳು ತಂದು ಬ್ಯಾಗಿಗೆ ತುಂಬಿಕೊಟ್ಟಳು.

ಮರುದಿನ ಸದರ್ನ್ ಕ್ರಾಸ್ ಸ್ಟೇಷನ್ ಮುಂದೆ ತಂಡದ ವ್ಯಾನು ನಿಂತಿತ್ತು. ಮುಖ್ಯಸ್ಥೆ ಮ್ಯಾಗಿ, ನಿವೃತ್ತ ಶಿಕ್ಷಕಿ, ತಾನೇ ಡ್ರೈವ್ ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಕೈ ಹಿಡಿದು, "ನೀನು ವಾಸುವಿನ ಹೆಂಡತಿ" ಎಂದಳು. ಇವರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ! ತಲೆಯಾಡಿಸಿ ಒಳಗೆ ಹತ್ತಿದೆ.

ಊಟದ ಖರ್ಚಿಗೆಂದು ಮೊದಲೇ ಡಾಲರ್ ಕಟ್ಟಿಸಿಕೊಂಡಿದ್ದರು. ದುಡಿಯುವವರೂ ನಾವೇ, ದುಡ್ಡು ಕೊಡುವವರೂ ನಾವೇ! ಆರು ತಾಸಿನ ದಾರಿ. ಗೋಧಿ ಹೊಲಗಳು ಮುಗಿದವು, ಡಾಂಬರು ಮುಗಿಯಿತು, ಫೋನಿನ ಸಿಗ್ನಲ್ಲೂ ಮುಗಿಯಿತು. ಉಳಿದದ್ದು ಕೆಂಪು ಮರಳು ಮತ್ತು ಬುಡದಲ್ಲೇ ಕವಲೊಡೆದ ಕುಳ್ಳ ನೀಲಗಿರಿ ಮರಗಳು. ಸೆಕೆ ಸರಿ, ತಡೆದುಕೊಳ್ಳಬಹುದು. ಆದರೆ ನೊಣ! ಬಾಯಿ ತೆರೆದರೆ ಸಾಕು, ಒಳಗೇ. ಇವರು ಅಲ್ಲಿಂದ ಬಂದಾಗಲೆಲ್ಲ ಎರಡು ದಿನ ಮೌನವಾಗಿರುತ್ತಿದ್ದ ಕಾರಣ ಆಗ ಗೊತ್ತಾಯಿತು.

ಕ್ಯಾಂಪಿನಲ್ಲಿ ಮ್ಯಾಗಿ ಹೇಳಿದ ಮೊದಲ ನಿಯಮವೆಂದರೆ ಒಂದು ತುಣುಕು ಆಹಾರವೂ ನೆಲಕ್ಕೆ ಬೀಳಬಾರದು, ತಂದದ್ದೆಲ್ಲ ವಾಪಸ್ ಹೋಗಬೇಕು. ನಾನೂ ಎಲ್ಲರ ಜೊತೆ ತಲೆಯಾಡಿಸಿದೆ. ಕಾಗೆಗೆ ಇಡುವ ಅನ್ನಕ್ಕೆ ಅದು ಅನ್ವಯಿಸುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅದು ಊಟವಲ್ಲವಲ್ಲ, ಶಾಸ್ತ್ರ.

ನಮ್ಮ ಕೆಲಸ ಮರಳಿನಲ್ಲಿ ಸಾಲಾಗಿ ನಡೆದು, ಆ ಹಕ್ಕಿ ಗೂಡಿಗಾಗಿ ಒಟ್ಟಿದ ಮರಳಿನ ಗುಡ್ಡೆಗಳನ್ನು ಹುಡುಕುವುದು. ಹೆಣ್ಣು ಹಕ್ಕಿ ಗುಡ್ಡೆಯೊಳಗೆ ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ತಿಂಗಳುಗಟ್ಟಲೆ ಅಲ್ಲೇ ಇದ್ದು, ಮರಳು ಕೆದರಿ ಮುಚ್ಚಿ, ಬಿಸಿ ಕಾಪಾಡುತ್ತದೆ. ಮರಿ ಮಾತ್ರ ತಾನೇ ಮರಳು ತೋಡಿಕೊಂಡು ಮೇಲೆ ಬರುತ್ತದೆ. ಕರೆಯಲು ತಾಯಿಯಿಲ್ಲ, ಗುಡ್ಡೆ ಕಾದ ತಂದೆಯೂ ತಿರುಗಿ ನೋಡುವುದಿಲ್ಲ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಒಂಟಿಯಾಗಿ ಪೊದೆಯೊಳಗೆ ಹೋಗಿಬಿಡುತ್ತದೆ. ಇದನ್ನು ಕೇಳಿ, "ಎಂಥಾ ಸಂಸಾರವಪ್ಪಾ ಇದು" ಎಂದುಕೊಂಡೆ.

ಸಂಜೆ ಎಲ್ಲರೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರ ತಮಾಷೆ ನನಗೆ ಅರ್ಥವಾಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಒಳ್ಳೆಯ ಜನ, ನನ್ನ ಬಟ್ಟಲಿಗೆ ತಾವೇ ಸೂಪು ಬಡಿಸುತ್ತಿದ್ದರು. ಆದರೂ ಆ ವಾರ ನನಗಾದಷ್ಟು ಒಂಟಿತನ ಸ್ಕೋಫೀಲ್ಡ್ಸ್‌ನ ಖಾಲಿ ಮನೆಯಲ್ಲೂ ಆಗಿರಲಿಲ್ಲ. ಅಲ್ಲಿ ಗೋಡೆಗಾದರೂ ಕನ್ನಡ ಬರುತ್ತಿತ್ತು.

ತಿಥಿಯ ದಿನ ಕ್ಯಾಂಪಿನ ಗ್ಯಾಸಿನ ಮೇಲೆ ಅನ್ನ ಮಾಡಿ, ಮೊಸರು, ಎಳ್ಳು ಕಲಸಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ನಡೆದೆ. ಮಧ್ಯಾಹ್ನದ ವಿರಾಮದಲ್ಲಿ ಒಂದು ಗುಡ್ಡೆಯಿಂದ ಸ್ವಲ್ಪ ದೂರ ಸರಿದು ಬಾಳೆ ಎಲೆ ಹಾಸಿ ಅನ್ನವಿಟ್ಟೆ. ಕೈಮುಗಿದು, "ಬಂದೀನ್ರಿ. ನಿಮ್ಮ ಹಟಾನ ಗೆದ್ದಿತು" ಎಂದೆ.

ಮೈನಾ ಇಲ್ಲದ ನಾಡು. ಎಲ್ಲಿಂದಲೋ ಒಂದು ಕಾಗೆ ಬಂತು. ನಮ್ಮ ಕಡೆಯದಕ್ಕಿಂತ ದೊಡ್ಡದು, ಬಿಳಿ ಕಣ್ಣು. ಮರದಿಂದ ಮರಳಿಗೆ ಇಳಿದು, ಕತ್ತು ಓರೆ ಮಾಡಿ ನನ್ನನ್ನೇ ನೋಡಿತು.

"ಏನಿದು?" ಹಿಂದೆ ಮ್ಯಾಗಿ ನಿಂತಿದ್ದಳು. ನಾನು ಹರುಕುಮುರುಕಾಗಿ ಗಂಡ, ತಿಥಿ, ಕಾಗೆ ಎಂದು ವಿವರಿಸಿದೆ. ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ, "ಇಲ್ಲಿ ಒಮ್ಮೆ ತಿನ್ನಲು ಸಿಕ್ಕರೆ ಕಾಗೆ ದಿನಾ ಬರುತ್ತದೆ. ಆ ಗುಡ್ಡೆಯಲ್ಲಿ ಮೊಟ್ಟೆಗಳಿವೆ. ಮರಿ ಮೇಲೆ ಬಂದಾಗ ಕಾಗೆಯಿಂದ ತಪ್ಪಿಸಿಕೊಂಡು ಓಡಲೂ ಶಕ್ತಿಯಿರುವುದಿಲ್ಲ. ವಾಸು ಇಲ್ಲಿ ಕಾಗೆ ಕಂಡರೆ ಟೋಪಿ ಬೀಸಿ ಓಡಿಸುತ್ತಿದ್ದ" ಎಂದು ಹೇಳಿ, ನನ್ನನ್ನು ಬಿಟ್ಟು ಆ ಕಡೆ ಮುಖ ಮಾಡಿ ನಿಂತಳು.

ಕಾಗೆ ಕುಪ್ಪಳಿಸಿ ಹತ್ತಿರ ಬಂತು. ಇನ್ನೊಂದು ಹೆಜ್ಜೆಯಿಟ್ಟರೆ ಕೊಕ್ಕು ಅನ್ನಕ್ಕೆ ಮುಟ್ಟುತ್ತಿತ್ತು. ಇಷ್ಟು ವರ್ಷ ನಾನು ಕಾದದ್ದು ಈ ಒಂದು ಗಳಿಗೆಗಾಗಿಯೇ. ಅಯ್ಯೋ ದೇವರೇ, ಮುಟ್ಟಿಬಿಡಲಿ, ಆಮೇಲೆ ಎಲ್ಲ ಬಾಚಿಕೊಂಡರಾಯಿತು ಅನ್ನಿಸಿತು. ಗುಡ್ಡೆಯ ಕಡೆ ನೋಡಿದೆ. ಟೋಪಿ ತೆಗೆದೆ.

"ಹುಶ್! ಹೋಗು, ಹೋಗು!" ಎಂದು ಬೀಸಿದೆ. ಕಾಗೆ ಹಾರಿ ಮರದ ಮೇಲೆ ಕೂತು, ಮಗು ಅತ್ತ ಹಾಗೆ ಕೂಗಿತು. "ಸಿಟ್ಟಾಗಬ್ಯಾಡ್ರಿ" ಎಂದು ಅದಕ್ಕೇ ಹೇಳಿದೆ. "ನಿಮ್ಮ ಹಕ್ಕಿ ಸಲುವಾಗೇ ನಿಮ್ಮನ್ನ ಓಡಿಸಿದೆ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅನ್ನವನ್ನು ಮತ್ತೆ ಡಬ್ಬಿಗೆ ತುಂಬುವಾಗ ಮ್ಯಾಗಿ ಬಂದು ನನ್ನ ಜೊತೆ ಮಂಡಿಯೂರಿ, ಮರಳಿಗೆ ಬಿದ್ದ ಎಳ್ಳಿನ ಕಾಳುಗಳನ್ನು ಒಂದೊಂದಾಗಿ ಆರಿಸಿಕೊಟ್ಟಳು.

ವಾರ ಮುಗಿದು ವ್ಯಾನು ಹೊರಟಾಗ ಹಿಂತಿರುಗಿ ನೋಡಿದೆ. ಧೂಳಿನಲ್ಲಿ ಗುಡ್ಡೆಯಾಗಲಿ ಹಕ್ಕಿಯಾಗಲಿ ಕಾಣಲಿಲ್ಲ. ಹಳಸಿದ ಅನ್ನದ ಡಬ್ಬಿ ತೊಡೆಯ ಮೇಲಿತ್ತು.

ಟಾರ್ನೀಟ್‌ನಲ್ಲಿ ರಶ್ಮಿ ಬಾಗಿಲು ತೆರೆಯುತ್ತಲೇ, "ಕಾಗೆ ಬಂತಾ ಮೌಶಿ? ಮುಟ್ತಾ?" ಎಂದು ಕೇಳಿದಳು.

"ಬಂದಿದ್ರವಾ" ಎಂದೆ. "ನಾನೇ ಕಳಿಸಿಕೊಟ್ಟೆ."